ಹೊಳೆಯ ಕೆಲಸಕ್ಕೂ ಸಂಬಳವೇ?

“ಹೊಳೆ ನೀರನ್ನು ಬಾಟಲಿಗೆ ತುಂಬೋದಕ್ಕೆ ತಿಂಗಳಿಗೆ ಹನ್ನೆರಡು ಸಾವಿರ ಕೊಡ್ತಾರಂತೆ, ಕೇಳಿಸ್ತಾ?” ಎಂದು ನನ್ನಾಕೆ ಅಡುಗೆಮನೆಯಿಂದಲೇ ಕೂಗಿದಾಗ ನಾನು ಪೇಪರಿನಿಂದ ತಲೆ ಎತ್ತಲಿಲ್ಲ. 31 ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ಇನ್ನೊಬ್ಬರ ದುಡ್ಡು ಎಣಿಸಿದವನು ನಾನು. ಪುಕ್ಕಟೆ ಹರಿಯುವ ನೀರನ್ನು ಬಾಟಲಿಗೆ ತುಂಬಿದರೆ ಯಾರೋ ಹಣ ಕೊಡುತ್ತಾರೆಂದರೆ ನಂಬುವುದು ಹೇಗೆ? “ಮೊದಲು ನಾವೇ ಡಿಪಾಸಿಟ್ ಕಟ್ಟಬೇಕೋ ಏನೋ, ಸರಿಯಾಗಿ ಕೇಳು ಅವಳನ್ನ” ಎಂದೆ.

ನನ್ನ ಅನುಮಾನಕ್ಕೆ ಕಾರಣವಿತ್ತು. ಮಗಳು ಬಿ.ಎಸ್ಸಿ. ಮುಗಿಸಿದ 2023ರ ಆಗಸ್ಟ್‌ನಲ್ಲಿ ಇಂಥದೇ ಒಂದು ಇಂಟರ್ನ್‌ಶಿಪ್ ಬಂದಿತ್ತು. ದೂರದ ಊರಿನ ಸಂಸ್ಥೆ, ನದಿ ಉಳಿಸುವ ಕೆಲಸ, ಮೂರು ತಿಂಗಳು. ಸಂಬಳ ಇಲ್ಲ, ಬದಲಿಗೆ ಊಟ, ವಸತಿ, ತರಬೇತಿ ಎಂದು ತಿಂಗಳಿಗೆ 6,000 ರೂಪಾಯಿ ನಾವೇ ಕೊಡಬೇಕು. ಮಗಳ ಜತೆ ಅವಳ ಗೆಳತಿಗೂ ಅಲ್ಲಿ ಸೀಟು ಸಿಕ್ಕಿತ್ತು. ಗೆಳತಿ “ಅಜ್ಜಿಗೆ ಹುಷಾರಿಲ್ಲ” ಎಂದು ಬಿಟ್ಟಳು. ನಾನು “ಕೂಲಿ ಮಾಡಿ ಕೂಲಿ ಕೊಡುವವರನ್ನು ಎಲ್ಲಾದರೂ ಕಂಡಿದ್ದೀಯಾ?” ಎಂದು ಮಗಳ ಬಾಯಿ ಮುಚ್ಚಿಸಿದೆ. ಎಂಟು ದಿನ ಅವಳು ನನ್ನೊಡನೆ ಮಾತಾಡಲಿಲ್ಲ.

ಈ ಸಲದ್ದು ಬೇರೆ. ಆರು ತಿಂಗಳು, ತಿಂಗಳಿಗೆ 12,000, ತುಂಗಾ ನದಿಯ ನೀರಿನ ಪರೀಕ್ಷೆ. ಡಿಪಾಸಿಟ್ ಇಲ್ಲ. ಇಬ್ಬರು ಬೇಕು. ಮಗಳು ಮತ್ತು ಅದೇ ಗೆಳತಿ ಅರ್ಜಿ ಹಾಕಿದರು, ಇಬ್ಬರಿಗೂ ಸಿಕ್ಕಿತು. ಗೆಳತಿಯ ಅಜ್ಜಿಗೆ ಹುಷಾರಾಯಿತೇ ಎಂದು ಕೇಳಿದೆ. ಮಗಳು ನನ್ನ ಮುಖವನ್ನೇ ನೋಡಿದಳು. “ಅಪ್ಪಾ, ಅವಳಿಗೆ ಅಜ್ಜಿಯೇ ಇಲ್ಲ. ಅವರಪ್ಪ ಹೋಟೆಲಿನಲ್ಲಿ ಅಡುಗೆ ಮಾಡ್ತಾರೆ. ಆರು ಸಾವಿರ ಎಲ್ಲಿಂದ ತರ್ತಾಳೆ?”

ಇಡೀ ಕ್ಲಾಸಿಗೆ ಕೆಮಿಸ್ಟ್ರಿಯಲ್ಲಿ ಮೊದಲು ಬರುತ್ತಿದ್ದ ಹುಡುಗಿ ಅವಳು. ನನ್ನ ಮಗಳ ಪ್ರಾಕ್ಟಿಕಲ್ ರೆಕಾರ್ಡಿನ ಅರ್ಧ ಅವಳದ್ದೇ ನಕಲು ಎಂಬುದು ನಮ್ಮ ಮನೆಯ ಗುಟ್ಟು.

ಶಿವಮೊಗ್ಗದವರಿಗೆ ತುಂಗೆಯ ಬಗ್ಗೆ ಹೊಸದಾಗಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿತೇ ಇಲ್ಲವೇ ಎಂದು ನೋಡಿಬರುವುದು ನಮಗೆ ಒಂದು ಹಬ್ಬ. “ತುಂಗಾ ಪಾನ, ಗಂಗಾ ಸ್ನಾನ” ಎಂದು ಹೇಳಿಕೊಂಡು ಬೆಳೆದವರು ನಾವು. ಆ ಪಾನ ಮಾಡುವ ತುಂಗೆಯೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಹೊರತಂದ ಮಲಿನ ನದಿಭಾಗಗಳ ಪಟ್ಟಿಯಲ್ಲಿ ಇತ್ತು ಎಂದು ಮಗಳಿಂದ ತಿಳಿಯಿತು. ದೇಶದಲ್ಲಿ 351 ಭಾಗಗಳು, ಕರ್ನಾಟಕದ್ದು 17. ಭದ್ರೆಯೂ ಅದರಲ್ಲಿ ಇತ್ತು. ನನಗೆ ಅದು ಯಾರೋ ನಮ್ಮ ಮನೆಯ ಹಿರಿಯರನ್ನು ಬೈದ ಹಾಗೆ ಕೇಳಿಸಿತು. “ಯಾರು ಹೇಳಿದ್ದು? ನೋಡಿದವರಾರು?” ಎಂದೆ. “ಅದಕ್ಕೇ ಅಲ್ವಾ ನಾವು ನೋಡೋಕೆ ಹೋಗ್ತಿರೋದು” ಎಂದಳು.

ನವೆಂಬರ್‌ನಲ್ಲಿ ಕೆಲಸ ಶುರುವಾಯಿತು. ಆ ವರ್ಷ ಮಳೆ ಕೈಕೊಟ್ಟು ಸರ್ಕಾರ ಬರ ಘೋಷಿಸಿತ್ತು, ಹೊಳೆ ಬೇಗ ಸೊರಗಿತು. ನೀರು ಕಡಿಮೆಯಾದರೆ ಕೊಳೆ ಕಡಿಮೆಯಾಗುವುದಿಲ್ಲ. ಊರಿನ ಚರಂಡಿ ಬರುವಷ್ಟು ಬಂದೇ ಬರುತ್ತದೆ, ಅದನ್ನು ತೆಳ್ಳಗೆ ಮಾಡುವ ನೀರು ಮಾತ್ರ ಇರುವುದಿಲ್ಲ. ಇದು ನನಗೆ ಅರವತ್ತು ದಾಟಿದ ಮೇಲೆ ತಿಳಿದ ವಿಚಾರ.

ಡಿಸೆಂಬರಿನ ಒಂದು ಬೆಳಿಗ್ಗೆ ಅವರ ಜೀಪಿನಲ್ಲಿ ನಾನೂ ಹೋದೆ. ಹೆಣ್ಣುಮಕ್ಕಳು ಹೊಳೆಗೆ ಇಳಿಯುವಾಗ ಜತೆಗೆ ಯಾರಿರುತ್ತಾರೆ ಎಂದು ನೋಡುವುದು ನನ್ನ ಉದ್ದೇಶ. ಒಬ್ಬ ಹಿರಿಯ ಸಂಶೋಧಕರು, ಒಬ್ಬ ಸ್ಥಳೀಯ ಮೀನುಗಾರ ಇದ್ದರು. ಮೊಣಕಾಲಿಗಿಂತ ಆಳಕ್ಕೆ ಹೋಗುವವರಿಗೆ ಲೈಫ್ ಜಾಕೆಟ್ ಕಡ್ಡಾಯ. ಹೊಳೆ ತುಂಬಿದ ದಿನಗಳಲ್ಲಾದರೆ ಯಾರೂ ಇಳಿಯುವ ಹಾಗಿಲ್ಲ, ಸೇತುವೆಯ ಮೇಲಿನಿಂದ ಹಗ್ಗ ಕಟ್ಟಿದ ಬಕೆಟ್ ಇಳಿಬಿಟ್ಟು ನೀರೆತ್ತಬೇಕು. ನನಗೆ ಸಮಾಧಾನವಾಯಿತು.

ಗಾಜನೂರಿನ ಅಣೆಕಟ್ಟಿಗಿಂತ ಮೇಲೆ, ಕಲ್ಲುಗಳ ನಡುವೆ ನೀರು ಓಡುವ ಕಡೆ ಮೊದಲ ನಿಲುಗಡೆ. ಗಾಜಿನ ಬಿರಡೆಯ 300 ಮಿ.ಲೀ. ಬಾಟಲಿಯನ್ನು ಒಂದೇ ಒಂದು ಗಾಳಿಗುಳ್ಳೆ ಸೇರದಂತೆ ನೀರಿನೊಳಗೇ ತುಂಬಬೇಕು. ಆ ಹುಡುಗಿ ಎರಡು ಔಷಧ ಹಾಕಿದಳು, ಮ್ಯಾಂಗನೀಸ್ ಸಲ್ಫೇಟ್ ಒಂದು, ಅಯೋಡೈಡ್ ಬೆರೆತ ಕ್ಷಾರ ಇನ್ನೊಂದು. ಬಾಟಲಿಯೊಳಗೆ ಕಂದು ಬಣ್ಣದ ಮೋಡ ಎದ್ದು ನಿಧಾನವಾಗಿ ತಳಕ್ಕೆ ಕೂತಿತು. “ಅಂಕಲ್, ನೀರಲ್ಲಿ ಕರಗಿರೋ ಆಮ್ಲಜನಕ ಇದು. ಮೀನು ಉಸಿರಾಡೋದು ಇದನ್ನೇ” ಎಂದಳು. ಆಮೇಲೆ ಆಮ್ಲ ಹಾಕಿ, ಗಂಜಿ ಬೆರೆಸಿ ನೀಲಿ ಮಾಡಿ, ಆ ನೀಲಿ ಮಾಯವಾಗುವ ತನಕ ಥಯೋಸಲ್ಫೇಟ್ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾರೆ. ಅವರ ಅಳತೆಯ ಪ್ರಕಾರ ಎಷ್ಟು ಮಿ.ಲೀ. ಖರ್ಚಾಯಿತೋ, ಲೀಟರಿಗೆ ಸುಮಾರು ಅಷ್ಟೇ ಮಿಲಿಗ್ರಾಂ ಆಮ್ಲಜನಕ. ಸ್ನಾನಕ್ಕೆ ಯೋಗ್ಯವಾದ ಹೊಳೆಯಲ್ಲಿ ಅದು ಕನಿಷ್ಠ 5 ಇರಬೇಕು.

ಮಗಳು ಅಷ್ಟರಲ್ಲಿ ಕಲ್ಲುಗಳನ್ನು ಮಗುಚುತ್ತಿದ್ದಳು. ಕಲ್ಲಿನ ಅಡಿಯಲ್ಲಿ ಮೂರು ಬಾಲದ ಎಳ್ಳಿನಷ್ಟು ಹುಳುಗಳು ಓಡುತ್ತಿದ್ದವು. ಅವು ಒಳ್ಳೆಯ ನೀರು ಬಿಟ್ಟು ಬೇರೆಡೆ ಬದುಕುವುದು ಕಷ್ಟವಂತೆ. ಆದ್ದರಿಂದ ಹುಳು ಎಣಿಸಿದರೂ ಹೊಳೆಯ ಆರೋಗ್ಯ ತಿಳಿಯುತ್ತದೆ. ಎಣಿಸುವುದು ಎಂದ ಕೂಡಲೇ ನನಗೆ ಸ್ವಲ್ಪ ಗೌರವ ಬಂತು.

ಮಧ್ಯಾಹ್ನ ಊರಿನ ಕೆಳಗೆ, ದೊಡ್ಡ ಚರಂಡಿಯೊಂದು ಹೊಳೆಗೆ ಸೇರುವ ಜಾಗಕ್ಕೆ ಬಂದೆವು. ಕಲ್ಲಿನ ಅಡಿಯಲ್ಲಿ ಮೂರು ಬಾಲದವು ಇಲ್ಲ, ಕೆಂಪು ದಾರದಂಥ ಹುಳುಗಳು ಮಾತ್ರ. ಬಾಟಲಿಗೆ ಅವೇ ಎರಡು ಔಷಧ ಬಿದ್ದವು. ಕಂದು ಬರಲಿಲ್ಲ. ಹಾಲಿನಂಥ ಬಿಳಿ. “ಇದರಲ್ಲಿ ಉಸಿರೇ ಇಲ್ಲ” ಎಂದಳು ಆ ಹುಡುಗಿ. ನಾನು ಏನೂ ಹೇಳಲಿಲ್ಲ. ನಮ್ಮ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂದು ಅವತ್ತಿನವರೆಗೂ ನಾನು ಯಾರನ್ನೂ ಕೇಳಿದವನಲ್ಲ.

ಇನ್ನು ಹಣದ ವಿಷಯ. ಮೊದಲ ಎರಡು ತಿಂಗಳು ಸ್ಟೈಪೆಂಡ್ ಸರಿಯಾಗಿ ಬಂತು. ಜನವರಿಯದ್ದು ಬರಲಿಲ್ಲ, ಫೆಬ್ರವರಿಯದ್ದೂ ಇಲ್ಲ. ಯೋಜನೆಗೆ ಬರಬೇಕಾದ ಕಂತು ಎಲ್ಲೋ ಸಿಕ್ಕಿಕೊಂಡಿದೆ, ಬಂದೇ ಬರುತ್ತದೆ ಎಂದರು. ನನ್ನ ಮಗಳಿಗೆ ಅದು ಒಂದು ತಮಾಷೆ. ಗೆಳತಿ ಪ್ರತಿ ತಿಂಗಳು ನಾಲ್ಕು ಸಾವಿರ ಮನೆಗೆ ಕೊಡುತ್ತಿದ್ದಳು. ಫೆಬ್ರವರಿ ಕೊನೆಗೆ ಅವಳು ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ನೋಡಿಕೊಂಡಿದ್ದಾಳೆಂದು ಮಗಳು ಅಳುತ್ತ ಬಂದಳು. ನಾನೇ ಆ ಹುಡುಗಿಯನ್ನು ಕರೆಸಿ ಎಂಟು ಸಾವಿರ ಕೊಡಲು ಹೋದೆ. “ಬೇಡ ಅಂಕಲ್” ಎಂದಳು. “ದಾನ ಅಲ್ಲಮ್ಮ, ಸಾಲ. ನಾನು ಬ್ಯಾಂಕಿನವನು, ಚೀಟಿ ಬರೆಸಿಕೊಳ್ಳದೆ ಕೊಡೋದಿಲ್ಲ” ಎಂದ ಮೇಲೆ ತೆಗೆದುಕೊಂಡಳು. ತಾರೀಕು ಹಾಕಿ, ಸಹಿ ಮಾಡಿ, ಅಕ್ಷರದಲ್ಲೂ ಅಂಕಿಯಲ್ಲೂ ಬರೆದ ಚೀಟಿ. ಮಾರ್ಚ್‌ನಲ್ಲಿ ಬಾಕಿಯೆಲ್ಲ ಒಟ್ಟಿಗೆ ಬಂತು. ಮಾರನೆಯ ಬೆಳಿಗ್ಗೆಯೇ ಅವಳು ಬಾಗಿಲಲ್ಲಿದ್ದಳು. ಹಣ ಎಣಿಸಿಕೊಂಡೆ. “ಚೀಟಿ ಕೊಡಿ ಅಂಕಲ್” ಎಂದು ಕೇಳಿ ಪಡೆದು, ನನ್ನೆದುರೇ ಹರಿದು ಪರ್ಸಿಗೆ ಹಾಕಿಕೊಂಡಳು.

ಆ ಎರಡು ತಿಂಗಳಲ್ಲಿ ನನಗೆ ಹೊಳೆದದ್ದು ಇಷ್ಟು. ಸಂಬಳವಿಲ್ಲದ ಇಂಟರ್ನ್‌ಶಿಪ್ ಎಂದರೆ ನನ್ನ ಮಗಳಂಥವರಿಗೆ ಮಾತ್ರ ತೆರೆಯುವ ಬಾಗಿಲು. ಸೇವೆ, ತ್ಯಾಗ, ಅನುಭವ ಎಂಬ ದೊಡ್ಡ ಮಾತುಗಳನ್ನು ಆಡುವವರಿಗೆ ಬಹುಶಃ ತಿಂಗಳ ಕೊನೆ ಎಂದರೇನೆಂದು ಗೊತ್ತಿರುವುದಿಲ್ಲ. ಆಗಸ್ಟ್‌ನಲ್ಲಿ ನಾನು ಬೇಡವೆಂದದ್ದು ಸರಿಯಾಗಿಯೇ ಇತ್ತು. ಆದರೆ ಅದು ನನ್ನ ಜಿಪುಣತನದಿಂದ ಸರಿಯಾದದ್ದು, ವಿವೇಕದಿಂದಲ್ಲ.

ಮುಂದೇನು ಎಂದು ಪೋಷಕರು ಕೇಳುತ್ತಾರೆ. ಕೇಳಲೇಬೇಕು. ನದಿಯ ಕೆಲಸವೆಂದರೆ ಒಂದೇ ಹುದ್ದೆಯಲ್ಲ. ನೀರು ಪರೀಕ್ಷಿಸುವ ಪ್ರಯೋಗಾಲಯಗಳಿವೆ, ಕೊಳಚೆ ನೀರು ಶುದ್ಧೀಕರಿಸುವ ಘಟಕಗಳಿವೆ. 1974ರ ಜಲ ಕಾಯ್ದೆಯಿಂದ ಬಂದ ಮಾಲಿನ್ಯ ನಿಯಂತ್ರಣ ಮಂಡಳಿಗಳಿವೆ, ಆದರೆ ಅಲ್ಲಿ ಹುದ್ದೆ ತುಂಬುವ ಅಧಿಸೂಚನೆಗಾಗಿ ಕಾಯುವ ತಾಳ್ಮೆ ಬೇಕು. ರಸಾಯನಶಾಸ್ತ್ರ ಓದಿದವರಿಗೂ ಪ್ರಾಣಿಶಾಸ್ತ್ರದವರಿಗೂ ಸಿವಿಲ್ ಎಂಜಿನಿಯರಿಗೂ ಜಾಗವಿದೆ. ದಡದ ಜನರ ಹತ್ತಿರ ಕೂತು ಮಾತಾಡಲು ಬಲ್ಲ ಸಮಾಜಕಾರ್ಯದವರೂ ಬೇಕು. ತುಂಗಭದ್ರೆಯಲ್ಲಿ 2015ರಲ್ಲಿ ನೀರುನಾಯಿಗಳಿಗಾಗಿ 34 ಕಿ.ಮೀ. ಉದ್ದದ ಸಂರಕ್ಷಿತ ಪ್ರದೇಶ ಘೋಷಣೆಯಾಯಿತಲ್ಲ, ಅಂಥ ಕಡೆ ಪ್ರಾಣಿಗಳನ್ನು ಎಣಿಸುವಷ್ಟೇ ಮೀನುಗಾರರ ಮನವೊಲಿಸುವ ಕೆಲಸವೂ ಇರುತ್ತದೆ. ಕುದುರೆಮುಖದ ಗಣಿ 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ನಿಂತಾಗ, ಭದ್ರೆಗೆ ಎಷ್ಟು ಹೂಳು ಹರಿಯುತ್ತಿತ್ತು ಎಂಬ ವಾದ ಅದರ ಹಿಂದೆ ಇತ್ತು. ಯಾರೋ ಮಳೆಯಲ್ಲಿ ನಿಂತು ಆ ನೀರನ್ನು ಬಾಟಲಿಗೆ ತುಂಬಿರಬೇಕಲ್ಲವೇ?

ಆದರೆ ಖಾಯಂ ಕೆಲಸ ಕಡಿಮೆ ಎಂಬುದನ್ನು ಮುಚ್ಚಿಡಬಾರದು. ಹೆಚ್ಚಿನದೆಲ್ಲ ಯೋಜನೆ ಇರುವಷ್ಟು ದಿನ. ಆ ಹುಡುಗಿ ಈಗ ಒಂದು ಪ್ರಯೋಗಾಲಯದಲ್ಲಿದ್ದಾಳೆ, ವರ್ಷ ವರ್ಷಕ್ಕೆ ಕರಾರು. ಇಂಟರ್ನ್‌ಶಿಪ್ಪಿನ ವರದಿಯಲ್ಲಿ ಅವಳ ಹೆಸರು ಅಚ್ಚಾಗಿದ್ದದ್ದು ಸಂದರ್ಶನದಲ್ಲಿ ಕೈಹಿಡಿಯಿತಂತೆ. ನನ್ನ ಮಗಳು ಎಂ.ಎಸ್ಸಿ. ಪರಿಸರ ವಿಜ್ಞಾನಕ್ಕೆ ಸೇರಿದಳು, ನೆಟ್ ಪರೀಕ್ಷೆಗೆ ಓದುತ್ತಿದ್ದಾಳೆ. ಜೆ.ಆರ್.ಎಫ್. ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, 2023ರ ಜನವರಿಯಿಂದ ಜಾರಿಯಾದ ದರ ಅದು. ಸಿಗದಿದ್ದರೆ ಏನು ಮಾಡುತ್ತೀಯೆಂದು ಕೇಳಿದರೆ “ಬಟ್ಟೆ ಅಂಗಡಿ ಇದೆಯಲ್ಲ” ಎನ್ನುತ್ತಾಳೆ. ನಮ್ಮ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಈಗಲೂ ಆಗಾಗ ಹೊಳೆ ನೀರಿನ ಬಾಟಲಿ ಕೂತಿರುತ್ತದೆ. “ಕುಡಿಯಬೇಡಿ” ಎಂದು ಅದರ ಮೇಲೆ ಚೀಟಿ ಅಂಟಿಸಿದವಳು ನನ್ನಾಕೆ.

ಮೊನ್ನೆ ನಮ್ಮ ಬೀದಿಯ ಮೇಷ್ಟ್ರೊಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು. ಅವನಿಗೂ ಎಲ್ಲೋ ಒಂದು ನದಿಯ ಇಂಟರ್ನ್‌ಶಿಪ್ ಬಂದಿದೆಯಂತೆ. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರು. ಕಾಗದದಲ್ಲಿ ಬರೆದುಕೊಟ್ಟಿದ್ದಾರೆಯೇ, ವಿಮೆ ಇದೆಯೇ, ಹೊಳೆಗೆ ಇಳಿಯುವಾಗ ಜತೆಗೆ ಯಾರಿರುತ್ತಾರೆ ಎಂದೆಲ್ಲ ವಿಚಾರಿಸಿದೆ. ಹುಡುಗ ತಲೆಯಾಡಿಸುತ್ತಿದ್ದ. ಮೇಷ್ಟ್ರು ದನಿ ತಗ್ಗಿಸಿ, “ಎಷ್ಟು ಕೊಡ್ತಾರೆ ಅಂತ ಕೇಳಿದರೆ ತಪ್ಪು ತಿಳಿಯೋದಿಲ್ಲ ತಾನೆ?” ಎಂದರು.

“ಧಾರಾಳವಾಗಿ ಕೇಳಿ” ಎಂದೆ. “ಹಾಗೇ ಎಷ್ಟನೇ ತಾರೀಕಿಗೆ ಕೊಡ್ತಾರೆ ಅಂತಲೂ ಕೇಳಿ.”