ಬರ್ಫ್ ಹಾಕುವ ಮುಂಚೆ ಗಿಲಾಸ್ ನೋಡಿ

ಮೇ ತಿಂಗಳಲ್ಲಿ ನಮ್ಮ ಅಷ್ಟೂರಿಗೆ ಬಹಮನಿ ಸುಲ್ತಾನರ ಗುಂಬಜ್ ನೋಡಲು ಬಂದವರು ಒಳಗೆ ಹೊಕ್ಕ ಮೇಲೆ ಹೊರಗೆ ಬರಲು ಮನಸ್ಸು ಮಾಡುವುದಿಲ್ಲ. ಅಷ್ಟು ದಪ್ಪ ಗೋಡೆ, ಅಷ್ಟು ತಂಪು. ನಮ್ಮದು ತಗಡಿನ ಮನೆ. ಆ ತಗಡಿನ ಕೆಳಗೇ ತಮ್ಮನ ಕಂಪ್ಯೂಟರ್ ಇದೆ.

ಸೋಯಾ ಮಾರಿದ ದುಡ್ಡಲ್ಲಿ ಹೈದರಾಬಾದಿನಿಂದ ಒಂದೊಂದೇ ಭಾಗ ತಂದು ಜೋಡಿಸಿದ್ದು. ಮದುವೆ ವಿಡಿಯೋ ಎಡಿಟ್ ಮಾಡುತ್ತಾನೆ. ಮದುವೆಗಳು ಬರುವುದೇ ಬಿಸಿಲಲ್ಲಿ. ಕೆಲಸ ಬೇಗ ಮುಗಿಯಲೆಂದು ಪ್ರೊಸೆಸರನ್ನು ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸುತ್ತಿದ್ದ. ಇದಕ್ಕೆ ಓವರ್‌ಕ್ಲಾಕಿಂಗ್ ಅನ್ನುತ್ತಾರೆ. ವೇಗ ಏರಿಸಲು ವೋಲ್ಟೇಜ್ ಕೂಡ ಏರಿಸಬೇಕಾಗುತ್ತದೆ. ವೋಲ್ಟೇಜ್ ಶೇ. 10 ಏರಿದರೆ ಅದೊಂದರಿಂದಲೇ ಶಾಖ ಶೇ. 20ರಷ್ಟು ಏರುತ್ತದೆ. ಪ್ರೊಸೆಸರ್ 100 ಡಿಗ್ರಿ ಹತ್ತಿರ ಬಂದಾಗ ತಾನೇ ವೇಗ ಇಳಿಸಿಕೊಳ್ಳುತ್ತದೆ, ಅಂದರೆ ಏರಿಸಿದ್ದೆಲ್ಲ ವ್ಯರ್ಥ.

ಅವನ ಕಂಪ್ಯೂಟರಿಗೆ ನೀರು ಹರಿಸಿ ತಂಪು ಮಾಡುವ ಪೈಪ್ ಇದೆ. ಒಂದು ದಿನ ಹೇಳಿದ: "ಅಣ್ಣಾ, ಪೈಪ್ ಸುತ್ತಿ ಬರ್ಫಿನ ಬಕೆಟ್‌ದಾಗ ಬಿಡ್ತೀನಿ. ನೀರು 15 ಡಿಗ್ರಿಗೆ ನಿಲ್ಲಿಸಿದ್ರ ಸಾಕು."

"ಮಷೀನ್ ಬೆವರಿದ್ರ?"

"ಇಷ್ಟು ಒಣ ಹವಾದಾಗ ನೀರು ಎಲ್ಲಿಂದ ಬರ್ತದ?"

ಪ್ರಶ್ನೆ ಸರಿಯಾಗಿಯೇ ಇತ್ತು. ಗಾಳಿಯಲ್ಲಿರುವ ನೀರು ಎಷ್ಟು ತಣ್ಣನೆಯ ವಸ್ತುವಿನ ಮೇಲೆ ಹನಿಯಾಗುತ್ತದೋ ಆ ತಾಪಮಾನಕ್ಕೆ ಇಬ್ಬನಿ ಬಿಂದು ಎನ್ನುತ್ತಾರೆ. ಹೊರಗೆ 40 ಡಿಗ್ರಿ, ತೇವಾಂಶ ಶೇ. 20 ಇದ್ದರೆ ಇಬ್ಬನಿ ಬಿಂದು ಸುಮಾರು 13. ಹಾಗಾದರೆ 15 ಡಿಗ್ರಿಯ ಪೈಪ್ ಬೆವರಬಾರದು.

ಆದರೆ ಕಂಪ್ಯೂಟರ್ ಇರುವ ಕೋಣೆಯಲ್ಲಿ ಹುಲ್ಲಿನ ಪ್ಯಾಡಿನ ಕೂಲರ್ ಇಡೀ ದಿನ ಓಡುತ್ತದೆ. ಅದು ತಂಪು ಕೊಡುವುದೇ ಗಾಳಿಗೆ ನೀರು ಕುಡಿಸಿ. ಕೋಣೆ 28 ಡಿಗ್ರಿಗೆ ಇಳಿದು ತೇವಾಂಶ ಶೇ. 70ಕ್ಕೆ ಏರಿದರೆ ಇಬ್ಬನಿ ಬಿಂದು 22ಕ್ಕೆ ಬಂದು ನಿಲ್ಲುತ್ತದೆ.

ಬಾಯಿಮಾತಿಗೆ ಅವನು ಒಪ್ಪುವವನಲ್ಲ. ಎರಡು ಸ್ಟೀಲ್ ಗಿಲಾಸ್ ತಂದೆವು, ಬರ್ಫ್ ಹಾಕಿ 15 ಡಿಗ್ರಿ ನೀರು ಮಾಡಿದೆವು. ಒಂದು ಅಂಗಳದ ನೆರಳಿಗೆ, ಒಂದು ಕಂಪ್ಯೂಟರ್ ಪಕ್ಕಕ್ಕೆ. ಅಂಗಳದ್ದು ಒಣಗೇ ಇತ್ತು. ಒಳಗಿನದು ಸ್ವಲ್ಪ ಹೊತ್ತಿಗೇ ಮಂಜಾಗಿ, ಆಮೇಲೆ ಹನಿ ಇಳಿಯಿತು. (ಗಿಲಾಸ್ ಸ್ಟೀಲಿನದೇ ಇರಲಿ. ರಂಜಣಗಿ ಹೊರಮೈ ಒದ್ದೆಯಾಗುವುದು ಒಳಗಿನ ನೀರು ಜಿನುಗಿ, ಅದು ಬೇರೆ ಲೆಕ್ಕ.)

ಆ ಹನಿ ಪ್ರೊಸೆಸರ್ ಕೂಡುವ ಸಾಕೆಟ್ಟಿನಲ್ಲಿ ಬಿದ್ದರೆ ಕೂದಲೆಳೆಯಂಥ ಪಿನ್ನುಗಳ ನಡುವೆ ಕರೆಂಟ್ ಹಾಯುತ್ತದೆ. ಬೋರ್ಡ್ ಹೋಗಬಹುದು, ಪ್ರೊಸೆಸರೂ ಹೋಗಬಹುದು. ಒಂದು ವರ್ಷದ ಸೋಯಾ.

ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್ ಸುರಿದು ದಾಖಲೆ ಮಾಡುವವರೂ ಇದ್ದಾರೆ. ಅವರು ಸಾಕೆಟ್ ಸುತ್ತ ವ್ಯಾಸಲಿನ್ ಅಥವಾ ಗ್ರೀಸ್ ತುಂಬುತ್ತಾರೆ, ಅದರ ಮೇಲೆ ನೀರು ಹೀರದ ರಬ್ಬರ್ ಫೋಮ್ ಬಿಗಿಯಾಗಿ ಕೂರಿಸುತ್ತಾರೆ. ತಣ್ಣನೆಯ ಜಾಗಕ್ಕೆ ಗಾಳಿ ತಾಗಬಾರದು, ಅಷ್ಟೇ ಗುಟ್ಟು. ಪಾತ್ರೆ ತಿಕ್ಕುವ ಸ್ಪಂಜ್ ಇಟ್ಟರೆ ಅದೇ ನೀರು ಹಿಡಿದು ಕೂರುತ್ತದೆ. ಆಟ ಮುಗಿದ ಮೇಲೆ ಎಲ್ಲವೂ ಪೂರ್ತಿ ಒಣಗುವ ತನಕ ಸ್ವಿಚ್ ಮುಟ್ಟುವುದಿಲ್ಲ. 2020ರಲ್ಲಿ ಇಂಟೆಲ್ ಕಂಪನಿ ಕೋಣೆಯ ತೇವಾಂಶ ಅಳೆದು ಇಬ್ಬನಿ ಬಿಂದುವಿನ ಕೆಳಗೆ ಇಳಿಯದಂತೆ ತಂಪು ಮಾಡುವ ಉಪಾಯ ತಂದಿತ್ತು. ದಾಖಲೆಯವರ ಆಟ ಕೆಲವು ಗಂಟೆಗಳದು. ನಮ್ಮ ಕಂಪ್ಯೂಟರ್ ಮೂರು ತಿಂಗಳು ದಿನಾ ಓಡಬೇಕು. ನನ್ನ ಪ್ರಕಾರ ದುಡಿಯುವ ಮಷೀನಿಗೆ ಬರ್ಫ್ ಬೇಡವೇ ಬೇಡ. ಬರೀ ಫ್ಯಾನು, ರೇಡಿಯೇಟರ್ ಇದ್ದರೆ ನೀರು ಕೋಣೆಯ ಶಾಖಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ, ಬೆವರುವ ಭಯವೂ ಇಲ್ಲ.

ತಮ್ಮ ವೋಲ್ಟೇಜ್ ಇಳಿಸಿದ. ದೊಡ್ಡ ಫೈಲ್‌ಗಳನ್ನು ರಾತ್ರಿ ಹಚ್ಚಿ ಮಲಗುತ್ತಾನೆ. ಬರ್ಫಿನ ಆಸೆ ಪೂರ್ತಿ ಬಿಟ್ಟಿಲ್ಲ, ಮಳೆಗಾಲದಲ್ಲಿ ನೋಡೋಣ ಅಂದ. ಆಗ 27 ಡಿಗ್ರಿ, ತೇವಾಂಶ ಶೇ. 85 ಇದ್ದರೆ ಇಬ್ಬನಿ ಬಿಂದು 24. ಬರ್ಫ್ ಯಾಕೆ, ಕೋಣೆಗಿಂತ ಸ್ವಲ್ಪ ತಣ್ಣಗಾದರೂ ಸಾಕು ಬೆವರಲು. ಮಳೆಗಾಲದಲ್ಲಿ ನೆಲದ ಫರ್ಸಿ ಬೆವರುವುದನ್ನು ಅವ್ವ ದಿನಾ ಒರೆಸುತ್ತಾಳೆ, ಅವನಿಗೆ ಅದನ್ನೇ ತೋರಿಸಬೇಕು.