ಆಗುಂಬೆ ಘಾಟಿಯಲ್ಲಿ ಮೂರು ಕಾರು

ತೀರ್ಥಹಳ್ಳಿಯಿಂದ ಉಡುಪಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ಎ ಆಗುಂಬೆಯವರೆಗೆ ಸಾಧು ಹಸುವಿನ ಹಾಗೆ. ಊರು ದಾಟಿದ್ದೇ ತಡ, ಅದರ ಸ್ವಭಾವವೇ ಬೇರೆ. 14 ಹೇರ್‌ಪಿನ್ ತಿರುವುಗಳಲ್ಲಿ ಕಾಡಿನೊಳಗೆ ಇಳಿದು ಸೋಮೇಶ್ವರ ಸೇರುತ್ತದೆ. ಲಾರಿ, ದೊಡ್ಡ ಬಸ್ಸುಗಳಿಗೆ ಇಲ್ಲಿ ಪ್ರವೇಶವಿಲ್ಲ. ಮಿನಿ ಬಸ್ಸು, ಕಾರು, ಬೈಕುಗಳದ್ದೇ ರಾಜ್ಯ. ಕಾರಿನ ಗುಣ ತಿಳಿಯಲು ಶೋರೂಮಿನ ಹೊಳೆಯುವ ನೆಲಕ್ಕಿಂತ ಈ ಘಾಟಿಯೇ ವಾಸಿ ಎಂದು ನನ್ನ ಅಭಿಪ್ರಾಯ.

ಫೆಬ್ರವರಿಯಲ್ಲಿ ಉಡುಪಿಯಲ್ಲಿ ಒಂದು ಉಪನಯನವಿತ್ತು. ನಾವು ಮೂರು ಕಾರಿನಲ್ಲಿ ಹೊರಟೆವು. ಬೀಗರದ್ದು ಉದ್ದನೆಯ ಐಷಾರಾಮಿ ಕಾರು. ತಂಗಿಯ ಮಗನದ್ದು ತಗ್ಗಾದ, ಬಲವಾದ ಎಂಜಿನ್ನಿನ ಓಟದ ಕಾರು. ಮೂರನೆಯದು ಬಾಡಿಗೆಯ ಡಿಜೈರ್. ಮೂರೂ ಸೆಡಾನ್‌ಗಳೇ. ಮುಂದೆ ಎಂಜಿನ್, ನಡುವೆ ಜನ, ಹಿಂದೆ ಡಿಕ್ಕಿ ಎಂದು ಮೂರು ಕೋಣೆ ಇರುವುದಕ್ಕೆ ಆ ಹೆಸರು. ನಮ್ಮ ಮನೆಗೂ ಒಂದು ಸೆಡಾನ್ ಕೊಳ್ಳುವ ಮಾತು ನಡೆದಿತ್ತು. ಆದರೆ ಮನೆಯಾಕೆಯ ಎರಡೂ ಮಂಡಿ ಸವೆದಿವೆ. ಹತ್ತು ವರ್ಷದ ಮೊಮ್ಮಗಳಿಗೆ ತಿರುವು ಬಂದರೆ ವಾಂತಿ. "ನೀವೆಲ್ಲ ಹೋಗಿ ಬನ್ನಿ, ನಾವಿಬ್ಬರು ಮನೆಯಲ್ಲೇ ಇರ್ತೇವೆ" ಎಂದು ಅಜ್ಜಿ ಹೇಳುವುದು, ಮೊಮ್ಮಗಳು ತಲೆಯಾಡಿಸುವುದು ರೂಢಿಯಾಗಿಬಿಟ್ಟಿತ್ತು. ಈ ಸಲ ಇಬ್ಬರನ್ನೂ ಒತ್ತಾಯದಿಂದ ಹೊರಡಿಸಿದೆವು.

ಆಗುಂಬೆವರೆಗೆ ಅವರಿಬ್ಬರಿಗೆ ಬೀಗರ ಕಾರು. ಹೊರಗಿನ ಸದ್ದೇ ಇಲ್ಲ, ಹಳ್ಳ ಬಂದದ್ದೂ ಗೊತ್ತಾಗಲಿಲ್ಲ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರುವ ಅಂತರವನ್ನು ವೀಲ್‌ಬೇಸ್ ಎನ್ನುತ್ತಾರೆ. ಡಿಜೈರ್‌ನದು 2,450 ಮಿ.ಮೀ. ನಮ್ಮ ದೇಶದಲ್ಲಿ ಮಾರುವ ಮರ್ಸಿಡಿಸ್ ಇ-ಕ್ಲಾಸ್‌ನದು 3 ಮೀಟರಿಗೂ ಹೆಚ್ಚು. ಇಲ್ಲಿ ಡ್ರೈವರ್ ಇಟ್ಟುಕೊಂಡು ಮಾಲೀಕರು ಹಿಂದೆ ಕೂರುವುದೇ ಜಾಸ್ತಿಯಾದ್ದರಿಂದ ಉದ್ದನೆಯ ಮಾದರಿಯನ್ನೇ ಮಾರುತ್ತಾರೆ. ಬೀಗರ ಕಾರಿನಲ್ಲೂ ಮೊಮ್ಮಗಳು ಕಾಲು ಚಾಚಿ ನಿದ್ದೆ ಹೋದಳು. ಆಗುಂಬೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಮಾತ್ರ ಅಜ್ಜಿಯನ್ನು ಮೆತ್ತನೆಯ ಸೀಟಿನಿಂದ ಎಬ್ಬಿಸಲು ಇಬ್ಬರು ಬೇಕಾಯಿತು. ನನಗೆ ಹಳೆಯ ಅಂಬಾಸಿಡರ್ ನೆನಪಾಯಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನ ಅಚ್ಚಿನಲ್ಲಿ ಹುಟ್ಟಿ 2014ರವರೆಗೆ ತಯಾರಾದ ಕಾರು ಅದು. ಸ್ಟೀರಿಂಗ್ ತಿರುಗಿಸಲು ರಟ್ಟೆ ಗಟ್ಟಿ ಇರಬೇಕಿತ್ತು, ನಿಜ. ಆದರೆ ಸೀಟು ಕುರ್ಚಿಯಷ್ಟು ಎತ್ತರ. ಸೀರೆಯವರು, ಪಂಚೆಯವರು ಯಾರ ಕೈಯನ್ನೂ ಹಿಡಿಯದೆ ಇಳಿಯುತ್ತಿದ್ದರು.

ಘಾಟಿ ಶುರುವಾಗುವಲ್ಲಿ ಮೊಮ್ಮಗಳು ನನ್ನ ಜೊತೆ ಓಟದ ಕಾರಿಗೆ ಬಂದಳು. ಇಂಥ ಕಾರಿನ ಸ್ಪ್ರಿಂಗ್ ಬಿಗಿ, ಮೈ ತಗ್ಗು. ಹಾಗಾಗಿ ತಿರುವಿನಲ್ಲಿ ವಾಲುವುದು ಕಡಿಮೆ. ಸ್ಟೀರಿಂಗ್ ಮುಟ್ಟಿದರೆ ಸಾಕು, ಮೂತಿ ಹೇಳಿದ ಕಡೆಗೇ ಹೋಗುತ್ತದೆ. ಎಪ್ಪತ್ತು ದಾಟಿದ ನನಗೂ ಖುಷಿಯಾಯಿತು ಅಂದರೆ ನೋಡಿ! ಆದರೆ ತಂಗಿಯ ಮಗ ಪ್ರತಿ ತಿರುವಿಗೂ ವೇಗವಾಗಿ ಬಂದು ಬ್ರೇಕ್ ಒತ್ತುವವನು. ಮೂರನೆಯ ತಿರುವಿಗೆ ಹುಡುಗಿಯ ಮುಖ ಬಿಳಿಚಿತು.

"ಅಜ್ಜಾ, ನಿಲ್ಸಕ್ಕೆ ಹೇಳು."

ಸೂರ್ಯಾಸ್ತ ನೋಡುವ ಕಟ್ಟೆಯ ಹತ್ತಿರ ಇಳಿಸಿ ಡಿಜೈರ್‌ಗೆ ಹತ್ತಿಸಿದೆವು, ಅಜ್ಜಿಯ ಪಕ್ಕ, ಹಿಂದಿನ ಸೀಟಿನ ನಡುವೆ, ಬೆಲ್ಟ್ ಹಾಕಿ. ಒಳಗಿವಿ "ಮೈ ತಿರುಗುತ್ತಿದೆ" ಅನ್ನುತ್ತದೆ, ಮೊಬೈಲ್ ನೋಡುವ ಕಣ್ಣು "ಇಲ್ಲ" ಅನ್ನುತ್ತದೆ. ಎರಡರ ಜಗಳಕ್ಕೆ ಹೊಟ್ಟೆ ತೊಳಸುತ್ತದೆ. ಮಕ್ಕಳೇ, ಘಾಟಿಯಲ್ಲಿ ಗಾಜಿನಾಚೆ ದೂರದ ರಸ್ತೆ ನೋಡಿ, ಕಣ್ಣಿಗೂ ತಿರುವು ತಿಳಿಯಲಿ.

ಡ್ರೈವರ್ ಎರಡನೇ ಗೇರಿನಲ್ಲೇ ನಿಧಾನವಾಗಿ ಇಳಿಸಿದ. "ಹತ್ತಕ್ಕೆ ಯಾವ ಗೇರೋ ಇಳಿಯಕ್ಕೂ ಅದೇ ಗೇರು, ಸಾರ್. ಬ್ರೇಕನ್ನೇ ಒತ್ತುತ್ತಾ ಹೋದ್ರೆ ಬಿಸಿಯಾಗಿ ಹಿಡಿಯೋದೇ ಇಲ್ಲ." ಇಕ್ಕಟ್ಟಾದ ಒಂದು ತಿರುವಿನಲ್ಲಿ ಮಿನಿ ಬಸ್ಸು ಎದುರಾಯಿತು. ಇಂಥಲ್ಲಿ ಹತ್ತುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು, ಅದು ನಿಯಮ. ಡಿಜೈರ್ ಅಂಚಿಗೆ ಸರಿದು ನಿಂತಿತು. ಹಿಂದಿದ್ದ ಬೀಗರ ಕಾರಿಗೆ ಅಷ್ಟು ಉದ್ದ ಮೈ ಸರಿಸಲು ಎರಡು ಸಲ ಹಿಂದೆ ಮುಂದೆ ಮಾಡಬೇಕಾಯಿತು.

ಡಿಜೈರ್‌ನ ಉದ್ದ 3,995 ಮಿ.ಮೀ. ನಾಲ್ಕು ಮೀಟರ್ ದಾಟಿದರೆ ತೆರಿಗೆ ಹೆಚ್ಚು, ಅದಕ್ಕೇ ಐದು ಮಿ.ಮೀ. ಕಡಿಮೆ. ಬಡ್ಡಿಯ ಮೇಲೆ ತೆರಿಗೆ ಬೀಳದ ಹಾಗೆ ಠೇವಣಿ ಲೆಕ್ಕ ಹಾಕಿಸುತ್ತಿದ್ದ ಗ್ರಾಹಕರು ನಮ್ಮ ಕೌಂಟರಿಗೂ ಬರುತ್ತಿದ್ದರು!

ಹೆಬ್ರಿಯಲ್ಲಿ ಮೊಮ್ಮಗಳು ಇಳಿದವಳೇ ಹಸಿವು ಎಂದಳು. ಅಜ್ಜಿ ಸೀಟಿನಲ್ಲೇ ಪಕ್ಕಕ್ಕೆ ತಿರುಗಿ, ಎರಡೂ ಪಾದ ಒಟ್ಟಿಗೆ ನೆಲಕ್ಕಿಟ್ಟು, ಬಾಗಿಲು ಹಿಡಿದು ತಾನೇ ಎದ್ದಳು. ಮಗನ ಆಸೆ ಓಟದ ಕಾರಿನ ಮೇಲಿತ್ತು; ಆ ಮಾತನ್ನು ಅವನು ಅಲ್ಲಿಗೇ ಬಿಟ್ಟ. ಶೋರೂಮಿಗೆ ಅಜ್ಜಿಯೇ ಬಂದು ಹಿಂದಿನ ಸೀಟಿನಲ್ಲಿ ಮೂರು ಸಲ ಕೂತು ಎದ್ದು ನೋಡುವುದು ಎಂದಾಗಿದೆ. ಮೈಲೇಜು, ಬೆಲೆ ಕೇಳುವುದು ಆಮೇಲೆ.