ಮೈಸೂರಿನ ಬಣ್ಣದ ಬೆಳಕು

ಮಗರಪಟ್ಟಾದಲ್ಲಿ ಬೆಳೆದ ನಮ್ಮ ಯುವಮಿತ್ರರಿಗೆ ಗಾಜು ಹೊಸದೇನಲ್ಲ. ಹಡಪಸರದ ರೈತ ಕುಟುಂಬಗಳು ತಮ್ಮ ಹೊಲಗಳನ್ನು ಒಟ್ಟುಗೂಡಿಸಿ ಕಟ್ಟಿಕೊಂಡ ಈ ಬಡಾವಣೆಯಲ್ಲಿ ಕಚೇರಿ ಗೋಪುರಗಳಿಗೆಲ್ಲ ಗಾಜಿನದೇ ಗೋಡೆ. ಹೊರಗೆ ನಿಂತವರಿಗೆ ಆಕಾಶ, ಮೋಡ ಹೊಳೆಯುತ್ತವೆ, ಒಳಗಿನದೇನೂ ಕಾಣದು. ಇದಕ್ಕೆ ತದ್ವಿರುದ್ಧವಾದ ಗಾಜೊಂದಿದೆ. ಅದನ್ನು ನೋಡಲು ಈ ರಜೆಯಲ್ಲಿ ಊರಿಗೆ ಹೋದಾಗ ಒಂದು ದಿನ ಮೈಸೂರಿಗೆ ಮೀಸಲಿಡಿ.

ಸಂತ ಫಿಲೋಮಿನಾ ಚರ್ಚಿನ ಅವಳಿ ಶಿಖರಗಳು 175 ಅಡಿ ಎತ್ತರ. ಅವನ್ನು ದೂರದಿಂದ ಕಂಡು, ಫೋಟೋ ತೆಗೆದು ಹಿಂತಿರುಗುವವರೇ ಹೆಚ್ಚು. ಹೊರಗಿನಿಂದ ಕಿಟಕಿಗಳು ಮಂಕಾಗಿ, ಕಪ್ಪು ಹಲಗೆಗಳಂತೆ ಕಾಣುವುದೇ ಅದಕ್ಕೆ ಕಾರಣವಿರಬಹುದು. ಒಳಗೆ ಹೋಗಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಸುಮ್ಮನೆ ಕುಳಿತು ನೋಡಿ. ಯೇಸುವಿನ ಕೊನೆಯ ಭೋಜನ, ಶಿಲುಬೆ, ಪುನರುತ್ಥಾನ, ಎಲ್ಲವೂ ಬಿಸಿಲಿನಿಂದಲೇ ಬರೆದಂತೆ ತೋರುತ್ತವೆ.

ಈ ಬಣ್ಣ ಬರೀ ಮೇಲೆ ಬಳಿದದ್ದಲ್ಲ. ಗಾಜನ್ನು ಕರಗಿಸುವಾಗಲೇ ಲೋಹದ ಅಂಶ ಬೆರೆಸುತ್ತಾರೆ: ಕೋಬಾಲ್ಟ್ ಸೇರಿದರೆ ನೀಲಿ, ಚಿನ್ನ ಸೇರಿದರೆ ಮಾಣಿಕ್ಯದ ಕೆಂಪು. ಹಾಳೆಗಳನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ಕಣ್ಣು, ಮೂಗು, ಬಟ್ಟೆಯ ನೆರಿಗೆಗಳನ್ನು ಮಾತ್ರ ಬಣ್ಣದಿಂದ ಬರೆದು ಮತ್ತೆ ಬೇಯಿಸುತ್ತಾರೆ. ಆಮೇಲೆ ಸೀಸದ ಪಟ್ಟಿಗಳಲ್ಲಿ ತುಂಡುಗಳನ್ನು ಜೋಡಿಸುತ್ತಾರೆ. ಚಿತ್ರದಲ್ಲಿ ಕಾಣುವ ದಪ್ಪ ಕಪ್ಪು ಗೆರೆಗಳು ಆ ಸೀಸವೇ. ಸೀಸ ಮೆತುವಾದ ಲೋಹ. ಕಾಲ ಕಳೆದಂತೆ ಭಾರಕ್ಕೆ ಬಾಗುತ್ತದೆ. ಆದ್ದರಿಂದ ಇಂತಹ ಕಿಟಕಿಗೆ ಸದಾ ಆರೈಕೆ ಬೇಕು.

"ಅದು ಫ್ರಾನ್ಸಿನಿಂದ ತಂದ ಗಾಜು, ಚರ್ಚಿನ ವಿನ್ಯಾಸ ಜರ್ಮನಿಯ ಕಲೋನ್ ನಗರದ್ದು, ಅದರಲ್ಲಿ ಕನ್ನಡದ್ದೇನಿದೆ?" ಎಂದು ನಮ್ಮ ಹುಡುಗರು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ. ಈ ಸ್ಥಳದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, 1843ರ ಚರ್ಚು ಒಂದಿತ್ತು. ಈಗಿನದಕ್ಕೆ 1933ರ ಅಕ್ಟೋಬರ್ 28ರಂದು ಅಡಿಗಲ್ಲಿಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಚಾಮುಂಡಿಯ ಭಕ್ತರಾದ ಅರಸರಿಗೆ ಅದು ಪರರದ್ದೆನಿಸಲಿಲ್ಲ.

ಅಲ್ಲಿಂದ ನೇರವಾಗಿ ಅರಮನೆಗೆ ನಡೆಯಿರಿ. 1897ರಲ್ಲಿ ಮರದ ಹಳೆಯ ಅರಮನೆ ಸುಟ್ಟುಹೋದ ಮೇಲೆ 1912ರ ಹೊತ್ತಿಗೆ ಎದ್ದು ನಿಂತದ್ದು ಇದು. ಕಲ್ಯಾಣ ಮಂಟಪದಲ್ಲಿ ತಲೆಯೆತ್ತಿದರೆ ಗುಮ್ಮಟದ ತುಂಬ ಬಣ್ಣದ ಗಾಜಿನ ನವಿಲುಗಳು! ದಸರೆಯ ನೆನಪಿನೊಡನೆ ಬೆರೆತುಹೋಗಿರುವ ಆ ಛಾವಣಿ ಎಲ್ಲಿಯದು ಬಲ್ಲಿರಾ? ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ತಯಾರಾಗಿ ಹಡಗು ಹತ್ತಿ ಬಂದದ್ದು. ಚರ್ಚಿನ ಕಿಟಕಿಯನ್ನು ಪರದೇಶಿಯೆಂದು ಪಟ್ಟಿಯಿಂದ ಹೊಡೆದುಹಾಕಿದರೆ ಈ ನವಿಲುಗಳನ್ನೂ ಹಾರಿಬಿಡಬೇಕಾದೀತು. ಅದಕ್ಕೆ ಮೈಸೂರಿನವರು ಯಾರೂ ಒಪ್ಪಲಾರರು!

ಎರಡನ್ನೂ ಒಂದೇ ದಿನ, ಬಿಸಿಲು ಚೆನ್ನಾಗಿರುವಾಗ ನೋಡಿ. ಮೋಡ ಕವಿದ ದಿನ ಹೋದರೆ ಅರ್ಧ ಚೆಲುವು ನಷ್ಟ. ಮಂಟಪದಲ್ಲಿ ಹಿಂದಿನಿಂದ ಜನ ನೂಕುತ್ತಾರೆ. ಕಂಬದ ಪಕ್ಕಕ್ಕೆ ಸರಿದು ನಿಂತರೆ ಕತ್ತು ನೋಯುವಷ್ಟು ಹೊತ್ತು ನೋಡಬಹುದು.